ಕಚೇರಿಯ ಗಣಕಯಂತ್ರಕ್ಕೆ ವಿಳಾಸ ದೊರೆಯದಿದ್ದಾಗ

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ಬಹುಮಂದಿಯ ಉದ್ಯೋಗವು ಇಂದು ಗಣಕಯಂತ್ರದ ಮುಂದೆಯೇ ಸಾಗುತ್ತಿದೆ. ತಿಂಗಳ ಮೊದಲ ದಿನ ಪಿಂಚಣಿದಾರರು ಬ್ಯಾಂಕಿನಲ್ಲಿ ಸಾಲುಗಟ್ಟಿ ನಿಂತಿರುವಾಗ ಪರದೆಯ ಮೇಲೆ ‘ಸಂಪರ್ಕವಿಲ್ಲ’ ಎಂಬ ಸೂಚನೆ ಮೂಡಿದರೆ ಕೌಂಟರಿನಲ್ಲಿ ಕುಳಿತವರ ಸಂಕಟ ಹೇಳತೀರದು. ಇಂತಹ ಪ್ರಸಂಗಗಳಲ್ಲಿ ಅನೇಕ ವೇಳೆ ಯಂತ್ರಕ್ಕೆ ಯಾವ ಕೇಡೂ ಆಗಿರುವುದಿಲ್ಲ. ಅದಕ್ಕೆ ದೊರೆಯಬೇಕಾದ ವಿಳಾಸ ದೊರೆತಿರುವುದಿಲ್ಲ, ಅಷ್ಟೆ. ಕಾರಣವರಿಯದೆ ಔಷಧಿ ಸೇವಿಸಬಾರದೆಂಬ ಆರೋಗ್ಯಸೂತ್ರವು ಇಲ್ಲಿಗೂ ಅನ್ವಯಿಸುತ್ತದೆ. ತಾಂತ್ರಿಕ ಶಿಕ್ಷಣ ಪಡೆಯದ, ವಾಣಿಜ್ಯ ಪದವೀಧರರಾದ ನಮ್ಮಂತಹವರಿಗೂ ಎಟುಕುವಂತೆ ಈ ವಿಷಯವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಿಳಾಸವೆಂಬ ಬಾಡಿಗೆಮನೆ

ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ 192.168.1.25 ಎಂಬಂತಹ ಒಂದು ಸಂಖ್ಯೆ ಅವಶ್ಯಕ. ಇದೇ ಐಪಿ ವಿಳಾಸ. ಒಂದೇ ಜಾಲದಲ್ಲಿ ಎರಡು ಯಂತ್ರಗಳಿಗೆ ಒಂದೇ ಸಂಖ್ಯೆ ಇರಕೂಡದು. 1985ರಲ್ಲಿ ಬಂದ ಬೂಟ್‌ಪಿ ಎಂಬ ಕ್ರಮದಲ್ಲಿ ಯಾವ ಯಂತ್ರಕ್ಕೆ ಯಾವ ಸಂಖ್ಯೆಯೆಂಬುದನ್ನು ಮೊದಲೇ ಪಟ್ಟಿ ಮಾಡಿಡಬೇಕಾಗಿತ್ತು. 1993ರಲ್ಲಿ ಪ್ರಕಟವಾಗಿ 1997ರಲ್ಲಿ ಪರಿಷ್ಕೃತವಾದ ಡಿಎಚ್‌ಸಿಪಿ ಎಂಬ ಕ್ರಮವು ಆ ಶ್ರಮವನ್ನು ತಪ್ಪಿಸಿತು.

ಮುಂಬಯಿಯಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆ ಹಿಡಿದವರಿಗೆ ಈ ಏರ್ಪಾಡು ಹೊಸದೆನಿಸದು. ಯಂತ್ರವು ಚಾಲನೆಗೊಂಡೊಡನೆ ‘ವಿಳಾಸ ಕೊಡುವವರು ಯಾರಾದರೂ ಇದ್ದೀರಾ?’ ಎಂದು ಜಾಲದಲ್ಲೆಲ್ಲ ಕೂಗಿ ಕೇಳುತ್ತದೆ. ಸರ್ವರ್ ಒಂದು ಸಂಖ್ಯೆಯನ್ನು ತೋರಿಸುತ್ತದೆ. ಯಂತ್ರವು ‘ಅದನ್ನೇ ಕೊಡಿ’ ಎಂದು ಕೋರುತ್ತದೆ. ಸರ್ವರ್ ಒಪ್ಪಿಗೆಯಿತ್ತು ಅವಧಿಯನ್ನು ಗೊತ್ತುಪಡಿಸುತ್ತದೆ. ಅರ್ಧ ಅವಧಿ ಕಳೆದಾಗ ಯಂತ್ರವು ತಾನಾಗಿಯೇ ನವೀಕರಣ ಕೇಳುತ್ತದೆ. ಉತ್ತರ ಬಾರದಿದ್ದರೂ ಅವಧಿ ಮುಗಿಯುವವರೆಗೆ ವಿಳಾಸ ಅದರದೇ.

ಈ ಕಡೆಯ ಮಾತು ಬಹು ಮುಖ್ಯವಾದುದು. ಸರ್ವರ್ ನಿಂತುಹೋದ ಕ್ಷಣದಲ್ಲೇ ಎಲ್ಲ ಯಂತ್ರಗಳೂ ನಿಲ್ಲುವುದಿಲ್ಲ. ಕರಾರು ಮುಗಿದಂತೆಲ್ಲ ಒಂದೊಂದಾಗಿ ಕೈಕೊಡುತ್ತವೆ. ಆದುದರಿಂದ ‘ನನ್ನ ಯಂತ್ರ ಸರಿಯಾಗಿದೆ’ ಎಂಬುದು ಸರ್ವರ್ ಸರಿಯಾಗಿದೆಯೆಂಬುದಕ್ಕೆ ಸಾಕ್ಷಿಯಾಗಲಾರದು.

ಲಕ್ಷಣಗಳನ್ನು ಓದುವ ಬಗೆ

ವಿಂಡೋಸ್ ಯಂತ್ರದಲ್ಲಿ ‘ಐಪಿಕಾನ್ಫಿಗ್ /ಆಲ್’ ಎಂಬ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಬೆರಳಚ್ಚಿಸಿದರೆ ಯಂತ್ರದ ವಿಳಾಸವೂ ಅದನ್ನು ಕೊಟ್ಟ ಸರ್ವರಿನ ವಿಳಾಸವೂ ಕಾಣುತ್ತವೆ.

ವಿಳಾಸವು 169.254 ಎಂದು ಆರಂಭವಾಗಿದ್ದರೆ, ಯಂತ್ರವು ಕೇಳಿಯೂ ಉತ್ತರ ದೊರೆಯದೆ ತಾನೇ ಒಂದು ಸಂಖ್ಯೆಯನ್ನು ಇಟ್ಟುಕೊಂಡಿದೆಯೆಂದು ಅರ್ಥ. ಇದು ಜ್ವರದಂತೆ ಲಕ್ಷಣವೇ ಹೊರತು ರೋಗವಲ್ಲ. ಒಂದೇ ಯಂತ್ರಕ್ಕೆ ಹೀಗಾಗಿದ್ದರೆ ಅದರ ತಂತಿಯನ್ನೂ ತಂತಿ ಸೇರುವ ಸ್ವಿಚ್ಚಿನ ಕಿಂಡಿಯನ್ನೂ ಪರೀಕ್ಷಿಸಬೇಕು. ಒಂದು ಮಹಡಿಯ ಎಲ್ಲ ಯಂತ್ರಗಳಿಗೂ ಆಗಿದ್ದರೆ ಆ ಮಹಡಿಯ ಸ್ವಿಚ್ಚಿನ ಕಡೆಗೆ ನೋಡಬೇಕು. ಯಂತ್ರದ ಮೊದಲ ಕೂಗು ರೂಟರನ್ನು ದಾಟದು. ಸರ್ವರ್ ಬೇರೊಂದು ಜಾಲದಲ್ಲಿದ್ದರೆ ಕೂಗನ್ನು ಮುಟ್ಟಿಸುವ ‘ರಿಲೇ’ ಎಂಬ ಮಧ್ಯವರ್ತಿ ಬೇಕು. ಆ ಏರ್ಪಾಡು ತಪ್ಪಿದರೂ ಇದೇ ಲಕ್ಷಣ ತೋರುತ್ತದೆ.

ಹಳೆಯ ಯಂತ್ರಗಳು ನಡೆಯುತ್ತಿದ್ದು ಹೊಸದಾಗಿ ಬಂದವುಗಳಿಗೆ ಮಾತ್ರ ವಿಳಾಸ ಸಿಗದಿದ್ದರೆ, ಹಂಚಲು ಇರಿಸಿದ ಸಂಖ್ಯೆಗಳೇ ತೀರಿರುವ ಸಂಭವವುಂಟು. 100ರಿಂದ 199ರವರೆಗೆ ಮೀಸಲಿರಿಸಿದ್ದರೆ ದೊರೆಯುವುದು ನೂರೇ ಸಂಖ್ಯೆ. ವೈಫೈ ಬಳಸುವ ಪ್ರತಿಯೊಬ್ಬ ಅತಿಥಿಯ ಮೊಬೈಲೂ ಒಂದನ್ನು ಹಿಡಿಯುತ್ತದೆ. ವಿಂಡೋಸ್ ಸರ್ವರಿನಲ್ಲಿ ಬದಲಿಸದ ಹೊರತು ಕರಾರಿನ ಅವಧಿ 8 ದಿನ. ಅರ್ಧ ಗಂಟೆ ಕುಳಿತು ಹೋದವರ ಹೆಸರಿನಲ್ಲಿ ಕೋಣೆ ವಾರವಿಡೀ ಬೀಗ ಹಾಕಿಕೊಂಡಿರುತ್ತದೆ. ಅತಿಥಿಗಳಿಗೆ ಪ್ರತ್ಯೇಕ ಜಾಲವನ್ನೂ ಅಲ್ಪಾವಧಿಯ ಕರಾರನ್ನೂ ಏರ್ಪಡಿಸುವುದೇ ಇದಕ್ಕೆ ಪರಿಹಾರ.

ವಿಳಾಸ ದೊರೆತಿದ್ದರೂ ಕೆಲಸ ಸಾಗದಿದ್ದರೆ, ಕೊಟ್ಟ ಸರ್ವರ್ ಯಾವುದೆಂದು ನೋಡಬೇಕು. ಯಾರೋ ಮನೆಯಿಂದ ಒಂದು ಚಿಕ್ಕ ರೂಟರನ್ನು ತಂದು ಜಾಲಕ್ಕೆ ಸೇರಿಸಿದ್ದರೆ, ಅದೂ ಕೂಗಿಗೆ ಓಗೊಟ್ಟು ಸಲ್ಲದ ವಿಳಾಸವನ್ನು ಹಂಚತೊಡಗುತ್ತದೆ. ಅಧಿಕಾರವಿಲ್ಲದವನು ಮನೆಯ ಬೀಗದ ಕೈ ಕೊಟ್ಟಂತೆ!

ಮಾಡಬಾರದ ಉಪಚಾರ

ಪಕ್ಕದ ಯಂತ್ರದ ಸಂಖ್ಯೆಯನ್ನು ನೋಡಿ, ಅದಕ್ಕೊಂದು ಕೂಡಿಸಿ, ತಮ್ಮ ಯಂತ್ರದಲ್ಲಿ ತಾವೇ ಬರೆದುಕೊಳ್ಳುವವರುಂಟು. ಆ ಗಳಿಗೆಗೆ ಕೆಲಸ ನಡೆದೀತು. ಆದರೆ ಅದೇ ಸಂಖ್ಯೆಯ ನಿಜವಾದ ಬಾಡಿಗೆದಾರ ಬಂದಾಗ ಇಬ್ಬರ ಕೆಲಸವೂ ಕೆಡುತ್ತದೆ. ಮುದ್ರಣಯಂತ್ರದಂತಹ ಸಾಧನಗಳಿಗೆ ಸ್ಥಿರ ಸಂಖ್ಯೆ ಬೇಕಾದಲ್ಲಿ ಅದನ್ನು ಸರ್ವರಿನಲ್ಲೇ ಕಾಯ್ದಿರಿಸುವುದು ಕ್ರಮ.

ಇನ್ನು, ವಿಳಾಸವನ್ನು ಬಿಟ್ಟುಕೊಡುವ ‘ರಿಲೀಸ್’ ಆಜ್ಞೆಯನ್ನು ಸರಿಯಾಗಿ ನಡೆಯುತ್ತಿರುವ ಯಂತ್ರದಲ್ಲಿ ಎಂದಿಗೂ ಕೊಡಬಾರದು. ಸರ್ವರ್ ನಿಂತಿದ್ದರೆ ಕೈಯಲ್ಲಿದ್ದ ವಿಳಾಸ ಹೋಗಿ ಮತ್ತೊಂದು ಬಾರದು. ನಡೆಯುತ್ತಿದ್ದ ಒಂದು ಕೌಂಟರೂ ಮುಚ್ಚಿದಂತಾಗುತ್ತದೆ.

ತಾಂತ್ರಿಕ ವಿಭಾಗಕ್ಕೆ ದೂರವಾಣಿ ಮಾಡುವ ಮುನ್ನ ಎಷ್ಟು ಯಂತ್ರಗಳಿಗೆ ತೊಂದರೆಯಾಗಿದೆ, ತೋರುತ್ತಿರುವ ವಿಳಾಸವೇನು, ಅದನ್ನು ಕೊಟ್ಟ ಸರ್ವರ್ ಯಾವುದು, ಎಂದಿನಿಂದ ಹೀಗಾಗಿದೆ ಎಂಬ ನಾಲ್ಕು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು. ‘ಕಂಪ್ಯೂಟರ್ ಕೆಟ್ಟಿದೆ’ ಎಂಬ ಒಂದು ವಾಕ್ಯಕ್ಕಿಂತ ಈ ನಾಲ್ಕು ಸಾಲುಗಳು ತಜ್ಞರನ್ನು ಬಹು ಬೇಗ ದೋಷದ ಮೂಲಕ್ಕೆ ಕರೆದೊಯ್ಯುತ್ತವೆ.