ಕುಂಬಳಕಾಯಿಗೆ ಮೊದಲ ಪೆಟ್ಟು ಯಾರದು?

ಸಿಂಧನೂರಿನ ಸಂತೆಯಲ್ಲಿ ಕುಂಬಳಕಾಯಿ ಮಾರುವವರ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಇಡೀ ಕಾಯಿ ಕೊಂಡು ಹೆಗಲಿಗೇರಿಸಿಕೊಂಡು ಹೋಗುವವರು ಹೆಚ್ಚಾಗಿ ಗಂಡಸರು. ಹೆಂಗಸರು, ಅದರಲ್ಲೂ ರೂಮು ಮಾಡಿಕೊಂಡು ಓದುವ ನಮ್ಮಂಥ ಹುಡುಗಿಯರು, ಕೊಯ್ದಿಟ್ಟ ಹೋಳು ಕೊಳ್ಳುತ್ತೇವೆ. ಎರಡು ಹೊತ್ತಿನ ಪಲ್ಯಕ್ಕೆ 20 ರೂಪಾಯಿಯ ಹೋಳು ಸಾಕು ಎಂಬುದು ಒಂದು ಕಾರಣ. ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಪೆಟ್ಟು ಹಾಕಬಾರದು. ಗಂಡಸರು ಒಂದು ಗೀರು ಹಾಕಿಕೊಟ್ಟರೆ ಮುಗಿಯಿತು. ಆಮೇಲೆ ಬೀಜ ತೆಗೆಯುವುದು, ಹೆಚ್ಚುವುದು, ಬೇಯಿಸುವುದು, ಬಡಿಸುವುದು, ಪಾತ್ರೆ ತಿಕ್ಕುವುದು ಎಲ್ಲ ನಮ್ಮದೇ.

ನಾನು ಪದವಿ ಮುಗಿಸಿ ಎರಡು ವರ್ಷವಾಯಿತು. ಊರು ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿ, ಮಳೆ ನಂಬಿದ ಹೊಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಸಿಂಧನೂರಿನಲ್ಲಿ ಇಬ್ಬರು ಗೆಳತಿಯರ ಜೊತೆ ಒಂದು ರೂಮಿನಲ್ಲಿದ್ದೇನೆ. ಒಬ್ಬಳು ತೆಲುಗು ಮಾತಾಡುವ ಕ್ಯಾಂಪಿನವಳು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದ ರೈತರು ಇಲ್ಲಿ ಗದ್ದೆ ಮಾಡಿ ಕಟ್ಟಿಕೊಂಡ ಊರುಗಳಿಗೆ ಕ್ಯಾಂಪ್ ಎಂದೇ ಹೆಸರು. ಇನ್ನೊಬ್ಬಳು ಆರ್.ಎಚ್. ಕ್ಯಾಂಪಿನವಳು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ನೆಲೆ ಮಾಡಿಕೊಟ್ಟ ಊರುಗಳವು. ಅವಳ ಅಜ್ಜಿಗೆ ಇವತ್ತಿಗೂ ಕನ್ನಡ ಅಷ್ಟಕ್ಕಷ್ಟೆ. ಇವಳಂತೂ ನನಗಿಂತ ಚೆನ್ನಾಗಿ ರಾಯಚೂರು ಕನ್ನಡ ಮಾತಾಡುತ್ತಾಳೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಅವ್ವ ಬಸ್ಸಿಗೆ ಒಂದು ಚೀಲ ಹಾಕಿ ಕಳಿಸಿದಳು. ಒಳಗೆ ಜೋಳದ ಹಿಟ್ಟು, ಶೇಂಗಾ, ಗುರೆಳ್ಳು ಪುಡಿ, ಅಡಿಯಲ್ಲಿ ಆರೇಳು ಕಿಲೋ ತೂಗುವ ಕುಂಬಳಕಾಯಿ. ಅದನ್ನು ನೆಲದ ಮೇಲಿಟ್ಟು ಮೂವರೂ ಸುತ್ತ ಕೂತೆವು. ತೆಲುಗಿನವಳ ಮನೆಯಲ್ಲಿ ಮೊದಲ ಪೆಟ್ಟು ಅವರಪ್ಪನದು. ಬಂಗಾಳಿ ಗೆಳತಿಯ ಮನೆಯಲ್ಲಿ ಅಜ್ಜನದು. ನಮ್ಮ ಮನೆಯಲ್ಲಿ ಅಪ್ಪನದಾಗಿತ್ತು, ಅವನು ತೀರಿಕೊಂಡು ನಾಲ್ಕು ವರ್ಷ. ಮೂರು ಭಾಷೆಯ ಮೂರು ಮನೆ, ನಿಯಮ ಮಾತ್ರ ಒಂದೇ! ಮನೆ ಮಾಲೀಕರ ಮಗನನ್ನು ಕರೆಯೋಣ ಎಂದು ನಾನು ಏಳುವುದರೊಳಗೆ ಬಂಗಾಳಿ ಗೆಳತಿ ಈಳಿಗೆ ಎಳೆದುಕೊಂಡಳು. “ನಾಳಿಗೆ ಟೆಸ್ಟ್ ಐತಿ, ಹೊತ್ತಾಗ್ತೈತಿ,” ಎಂದಳು ಅಷ್ಟೆ. ಕಾಯಿ ಎರಡು ಹೋಳಾಯಿತು.

ಈ ಈಳಿಗೆಯ ಬಗ್ಗೆ ಒಂದು ಮಾತು. ಅವರಲ್ಲಿ ಅದಕ್ಕೆ ಬೊಟಿ ಎನ್ನುತ್ತಾರೆ, ತೆಲುಗಿನವರು ಕತ್ತಿಪೀಟ. ಮೂರೂ ಮನೆಯಲ್ಲಿ ಹೆಂಗಸರು ನೆಲದ ಮೇಲೆ ಕೂತು, ಕಾಲಲ್ಲಿ ಒತ್ತಿ ಹಿಡಿದು ಹೆಚ್ಚುವುದು ಇದರಲ್ಲೇ. ಅಷ್ಟು ಹರಿತವಾದ ಅಲಗನ್ನು ದಿನಾ ನಮ್ಮ ಕೈಗೆ ಕೊಟ್ಟವರಿಗೆ ಕುಂಬಳಕಾಯಿಯ ವಿಷಯದಲ್ಲಿ ಮಾತ್ರ ಯಾಕೆ ಅನುಮಾನವೋ!

ಆ ಒಂದು ಕಾಯಿಯಿಂದ ಮೂರು ಅಡುಗೆ ಕಲಿತೆ. ನೀವೂ ರೂಮಿನಲ್ಲಿದ್ದು, ಒಂದೇ ಗ್ಯಾಸ್ ಒಲೆಯಲ್ಲಿ ಅನ್ನ, ಸಾರು ಮಾಡಿ ಬೇಸತ್ತಿದ್ದರೆ ಇದು ಉಪಯೋಗಕ್ಕೆ ಬಂದೀತು. ನಮ್ಮ ಪಲ್ಯ ಎಲ್ಲಕ್ಕಿಂತ ಸುಲಭ. ದೊಡ್ಡ ಹೋಳು, ಸಿಪ್ಪೆ ಸಮೇತ. ಎಣ್ಣೆಗೆ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಒಣ ಖಾರ. ಒಂದು ಹನಿ ನೀರೂ ಹಾಕಬಾರದು. ಮೇಲೆ ಮುಚ್ಚಿದ ತಾಟಿನಲ್ಲಿ ನೀರಿಟ್ಟರೆ ಸಾಕು, ಕಾಯಿ ತನ್ನ ನೀರಲ್ಲೇ ಬೇಯುತ್ತದೆ. ಹೋಳು ಮೆತ್ತಗಾದ ಮೇಲೆಯೇ ಹುಣಸೆ ರಸ, ಬೆಲ್ಲ. ಹುಳಿ ಮೊದಲೇ ಬಿದ್ದರೆ ಬೇಯಲು ಹಟ ಮಾಡುತ್ತದೆ. ಇಳಿಸುವಾಗ ಎರಡು ಚಮಚ ಗುರೆಳ್ಳು ಪುಡಿ. ಸಜ್ಜೆ ರೊಟ್ಟಿ ಇದ್ದರೆ ಬೇರೇನೂ ಬೇಡ.

ತೆಲುಗು ಗೆಳತಿ ಮಾಡುವುದು ದಪ್ಪಳಂ. ಸಂಕ್ರಾಂತಿಗೆ ಅವರ ಮನೆಯಲ್ಲಿ ಇದು ಇರಲೇಬೇಕು. ಕುಂಬಳ, ಬದನೆ, ನುಗ್ಗೆ, ಗೆಣಸು ಹೀಗೆ ಕೈಗೆ ಸಿಕ್ಕಿದ ತರಕಾರಿಯನ್ನೆಲ್ಲ ಹುಣಸೆ ಹುಳಿಯಲ್ಲಿ ಬೇಯಿಸಿ, ಬೆಲ್ಲ ಹಾಕಿ, ಕೊನೆಗೆ ನೀರಲ್ಲಿ ಕಲೆಸಿದ ಅಕ್ಕಿ ಹಿಟ್ಟಿನಿಂದ ಗಟ್ಟಿ ಮಾಡುತ್ತಾರೆ. ಇವತ್ತಿಗಿಂತ ನಾಳೆಗೆ ರುಚಿ. ಫ್ರಿಜ್ ಇಲ್ಲದ ನಮ್ಮಂಥವರಿಗೆ ಇದಕ್ಕಿಂತ ಇನ್ನೇನು ಬೇಕು?

ಬಂಗಾಳಿ ಅಡುಗೆಯೇ ನನಗೆ ಹೊಸದು. ಕುಮ್ರೋರ್ ಛಕ್ಕಾ ಎಂದರೆ ಕುಂಬಳ, ಆಲೂಗಡ್ಡೆ, ನೆನೆಸಿದ ಕಡಲೆಕಾಳು. ಒಗ್ಗರಣೆಗೆ ಜೀರಿಗೆ, ಮೆಂತ್ಯ, ಸೋಂಪು, ಸಾಸಿವೆ, ಕರಿಜೀರಿಗೆ, ಐದೂ ಇಡಿಯಾಗಿ. ಸಾಸಿವೆ ಎಣ್ಣೆಯ ಘಾಟು ಮೊದಲ ದಿನ ಮೂಗಿಗೇರಿತು, ವಾರದಲ್ಲಿ ಒಗ್ಗಿಹೋಯಿತು. ಅವರು ಕುಂಬಳದ ಹೂವನ್ನೂ ಬಿಡುವುದಿಲ್ಲ, ಹಿಟ್ಟಿನಲ್ಲಿ ಅದ್ದಿ ಕರಿದು ತಿನ್ನುತ್ತಾರೆ. ಇದನ್ನು ಕೇಳಿ ತೆಲುಗಿನವಳು ಹೌಹಾರಿದಳು. ಅವರಲ್ಲಿ ಅದೇ ಹಳದಿ ಹೂವನ್ನು ಸಂಕ್ರಾಂತಿಯ ಸಗಣಿಯ ಗೊಬ್ಬೆಮ್ಮನಿಗೆ ಮುಡಿಸಿ ಪೂಜೆ ಮಾಡುತ್ತಾರೆ. ಒಬ್ಬರಿಗೆ ದೇವರ ಹೂ, ಇನ್ನೊಬ್ಬರಿಗೆ ಬಜ್ಜಿ. ಹಿತ್ತಲಲ್ಲಿ ಬಳ್ಳಿ ಇರುವವರು ಒಂದು ನೆನಪಿಡಿ: ಕೀಳಬೇಕಾದದ್ದು ಗಂಡು ಹೂವನ್ನು. ಅದರ ತೊಟ್ಟು ಉದ್ದ, ಸಪೂರ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಇರುತ್ತದೆ, ಅದನ್ನು ಮುಟ್ಟಬೇಡಿ. “ಕರೀಲಿಕ್ಕೆ ಗಂಡು ಹೂವೇ ಬೇಕು,” ಎಂದು ಗೆಳತಿ ಹೇಳಿದಾಗ ನಾವು ಅದೆಷ್ಟು ನಕ್ಕೆವೋ!

ಎಲ್ಲ ಕುಂಬಳವೂ ಒಂದೇ ಅಲ್ಲ ಎಂಬುದು ಅಡುಗೆ ಮಾಡಲು ಶುರು ಮಾಡಿದ ಮೇಲೆ ತಿಳಿಯುತ್ತದೆ. ಅವ್ವ ಕಳಿಸುವುದು ಏಣು ಏಣಾದ ದೊಡ್ಡ ನಾಡಕಾಯಿ. ಬಲಿತಾಗ ಸಿಪ್ಪೆ ಕಂದು, ತಿರುಳು ನೀರು ನೀರು. ಪಲ್ಯ, ಹುಳಿಗೆ ಸರಿ. ಸಂತೆಯಲ್ಲಿ ಕೆಲವೊಮ್ಮೆ ಕೇಸರಿ ಬಣ್ಣದ, ಬಿಳಿ ಗೆರೆಯ, ಚಪ್ಪಟೆಯಾದ ಪುಟ್ಟ ಕಾಯಿ ಸಿಗುತ್ತದೆ. ಅದು ಬೇರೆ ಜಾತಿ, ತಿರುಳು ಹಿಟ್ಟಿನಂತೆ. ಸಿಹಿಗೆ ಅದೇ ಮೇಲು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಎರಡೂ ಬಗೆಯಲ್ಲಿ ತಳಿ ಕೊಟ್ಟಿದ್ದಾರೆ. ಅರ್ಕಾ ಚಂದನ್ ನಮ್ಮ ನಾಡಕಾಯಿಯ ಜಾತಿ, ಅರ್ಕಾ ಸೂರ್ಯಮುಖಿ ಈ ಪುಟ್ಟ ಕೇಸರಿ ಕಾಯಿ. ಗುರುತು ಹಿಡಿಯಲು ತೊಟ್ಟು ನೋಡಿ. ನಾಡಕಾಯಿಯ ತೊಟ್ಟು ಗಟ್ಟಿ, ಐದು ಏಣು, ಕಾಯಿಗೆ ಅಂಟುವಲ್ಲಿ ಅಗಲವಾಗಿ ಹರಡಿರುತ್ತದೆ. ಇನ್ನೊಂದರದು ದುಂಡಗೆ, ಬೆಂಡಿನ ಹಾಗೆ. ಬೆಂಗಳೂರಿನ ಮಾಲ್‌ಗಳಲ್ಲಿ ಬಟರ್‌ನಟ್ ಎಂಬ ಹೆಸರಲ್ಲಿ ದುಬಾರಿ ಬೆಲೆಗೆ ಮಾರುವ ಸೋರೆಯಾಕಾರದ ಕಾಯಿ ಕೂಡ ನಮ್ಮ ನಾಡಕಾಯಿಯ ಜಾತಿಯದೇ.

ಸಿಹಿ ಎಂದರೆ ನಮ್ಮಲ್ಲಿ ಗಾರಿಗಿ. ತುರಿದ ಕುಂಬಳವನ್ನು ಬೆಲ್ಲದ ಜೊತೆ ಬೇಯಿಸಿ, ಬಿಸಿ ಇರುವಾಗಲೇ ಅದು ಹಿಡಿಯುವಷ್ಟು ಗೋಧಿ ಹಿಟ್ಟು, ಒಂದು ಹಿಡಿ ರವೆ, ಯಾಲಕ್ಕಿ ಹಾಕಿ ಕಲೆಸಬೇಕು. ನೀರು ಸೇರಿಸಿದರೆ ಎಣ್ಣೆ ಕುಡಿಯುತ್ತದೆ. ಅಂಗೈಯಗಲ ತಟ್ಟಿ ಕರಿದರೆ ನಾಲ್ಕು ದಿನ ಕೆಡುವುದಿಲ್ಲ. ಕಲಬುರಗಿಗೆ ಪರೀಕ್ಷೆ ಬರೆಯಲು ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಕಳೆದದ್ದು ಈ ಗಾರಿಗಿ ತಿಂದೇ. ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ.

ಈಗ ಮಸ್ಕಿಗೆ ಬರೋಣ. ಸ್ಪರ್ಧಾತ್ಮಕ ಪರೀಕ್ಷೆಯವರಿಗೆ ಮಸ್ಕಿ ಎಂದರೆ ಅಶೋಕನ ಶಾಸನ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಪತ್ತೆ ಮಾಡಿದ್ದು, ದೇವಾನಾಂಪ್ರಿಯ ಎಂಬುವನು ಅಶೋಕನೇ ಎಂದು ಹೆಸರಿಟ್ಟು ತಿಳಿಸಿದ್ದು. ನನಗೆ ಮಸ್ಕಿ ಎಂದರೆ ಅಕ್ಕನ ಮನೆ ಕೂಡ. ಲಿಂಗಸುಗೂರಿನಿಂದ ಸಿಂಧನೂರಿಗೆ ಬರುವ ದಾರಿಯಲ್ಲೇ ಇರುವುದರಿಂದ ಊರಿಗೆ ಹೋದಾಗೆಲ್ಲ ಇಳಿಯುತ್ತೇನೆ. ಭಾವ ಲಾರಿ ಡ್ರೈವರ್, ಹೋದರೆ ವಾರಗಟ್ಟಲೆ ಬರುವುದಿಲ್ಲ. ಹೊರಡುವ ಮುಂಚೆ ಮನೆಯಲ್ಲಿರುವ ಎಲ್ಲ ಕುಂಬಳಕಾಯಿಗೂ ಚಾಕುವಿನಿಂದ ಒಂದೊಂದು ಗೀರು ಹಾಕಿ ಹೋಗುತ್ತಾನೆ, ಆಮೇಲೆ ಅಕ್ಕನಿಗೆ ತೊಂದರೆಯಾಗಬಾರದೆಂದು! ಅವನದು ಒಳ್ಳೆಯ ಮನಸ್ಸೇ. ಆದರೆ ಕುಂಬಳಕಾಯಿ ತಿಂಗಳುಗಟ್ಟಲೆ ಉಳಿಯುವುದು ಅದರ ಗಟ್ಟಿ ಸಿಪ್ಪೆಯಿಂದ. ತೊಟ್ಟು ಬಿಟ್ಟು ಕೊಯ್ದು, ಗಾಳಿಯಾಡುವಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟರೆ ಎರಡು ಮೂರು ತಿಂಗಳು ಹಾಗೇ ಇರುತ್ತದೆ. ಚಳಿ ದೇಶಗಳಲ್ಲಿ ಇದನ್ನು ಚಳಿಗಾಲದ ಕಾಯಿ ಎಂದು ಕರೆಯುವುದೂ ಇದೇ ಕಾರಣಕ್ಕೆ. ಬೆಳೆಯುವುದು ಬೇಸಿಗೆಯಲ್ಲಿ, ಉಳಿಸಿಕೊಂಡು ತಿನ್ನುವುದು ಚಳಿಗಾಲದಲ್ಲಿ. ಗೀರು ಬಿದ್ದರೆ ಅಲ್ಲಿಂದಲೇ ಕೊಳೆ. ಭಾವ ಗೀರು ಹಾಕಿದ ಮೂರರಲ್ಲಿ ಎರಡು ತಿಪ್ಪೆಗೆ ಹೋದವು. ಹೆಣ್ಣುಮಕ್ಕಳ ಕೈಯಿಂದ ಕಾಯಿ ಉಳಿಸುವ ಶಾಸ್ತ್ರ ಕಾಯಿಯನ್ನೇ ಉಳಿಸಲಿಲ್ಲ.

ಈ ಕಟ್ಟಳೆ ಎಲ್ಲಿಂದ ಬಂತು? ಹಿರಿಯರನ್ನು ಕೇಳಿದರೆ ಕುಂಬಳಕಾಯಿ ಬಲಿಗೆ ಸಮಾನ, ಕೆಲವರು ಹಿರಿಮಗನಿಗೆ ಸಮಾನ ಎನ್ನುತ್ತಾರೆ. ಆಯುಧಪೂಜೆಗೆ, ಹೊಸ ಮನೆಗೆ, ಹೊಸ ಗಾಡಿಗೆ ಕುಂಕುಮ ತುಂಬಿ ಒಡೆಯುವುದನ್ನು ನೋಡಿದ್ದೇವಲ್ಲ, ಅದೇ. ಆದರೆ ಒಡೆಯುವುದು ಬೂದುಗುಂಬಳವನ್ನು. ಅದು ಏಷ್ಯಾದ್ದೇ ಹಳೆಯ ಕಾಯಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಲ್ಲಿರುವುದೂ ಬೂದುಗುಂಬಳವೇ, ಬಿಳಿ ಬೂದಿ ಹೆಗಲಿಗೆ ಅಂಟುವುದು ಅದರಿಂದ ತಾನೇ? (ಇದೇ ಗಾದೆ ತೆಲುಗಿನಲ್ಲೂ ಇದೆ ಎಂದು ರೂಮಿನಲ್ಲಿ ಗೊತ್ತಾಯಿತು.) ನಾವು ಪಲ್ಯ ಮಾಡುವ ಸಿಹಿಗುಂಬಳ ಮೂಲತಃ ಅಮೆರಿಕ ಖಂಡದ್ದು. ಮೆಣಸಿನಕಾಯಿ, ಶೇಂಗಾದ ಹಾಗೆ ಕೊಲಂಬಸ್ ಕಾಲದ ನಂತರ ಹಡಗು ಹತ್ತಿ ಬಂದದ್ದು. ಒಂದರ ಹೆಸರು ಇನ್ನೊಂದಕ್ಕೆ ಬಂದಾಗ ನಿಯಮವೂ ಜೊತೆಗೆ ಬಂದಿರಬೇಕು ಎಂಬುದು ನನ್ನ ಊಹೆ.

ಇದನ್ನೆಲ್ಲ ಅವ್ವನ ಮುಂದೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಲೇ, “ಅಮೆರಿಕಾದಾಗ ಹೆಂಗಸರು ಕೊಯ್ತಾರಂತೇನು? ನೀ ಹೋಗಿ ನೋಡಿ ಬಂದೀಯೇನು?” ಎಂದಳು. ಉತ್ತರ ಕೊಡಲಾಗಲಿಲ್ಲ.

ಅವ್ವನದು ತಮಾಷೆಯ ಸಂಗತಿಯಲ್ಲ. ನಮ್ಮಲ್ಲಿ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಕಡುಬಿನ ಜೊತೆ ಕುಂಬಳಕಾಯಿ ಪಲ್ಯ ಬುತ್ತಿಯಲ್ಲಿ ಇರಲೇಬೇಕು. ಅಪ್ಪ ಹೋದ ಮೇಲೆ, ಅಣ್ಣ ಬೆಂಗಳೂರಿಗೆ ದುಡಿಯಲು ಹೋದ ಮೇಲೆ, ಅವ್ವ ಆ ದಿನ ನಸುಕಿನಲ್ಲಿ ಕುಂಬಳಕಾಯಿ ಎತ್ತಿಕೊಂಡು ಪಕ್ಕದ ಮನೆ ಬಾಗಿಲಿಗೆ ಹೋಗುತ್ತಾಳೆ. ಅಲ್ಲಿ ಏಳನೇ ತರಗತಿ ಓದುವ ಹುಡುಗನಿದ್ದಾನೆ. ಅವನು ಎದ್ದು, ಕಣ್ಣುಜ್ಜಿಕೊಂಡು ಬಂದು ಗೀರು ಹಾಕುವವರೆಗೆ ಅವ್ವ ಕಟ್ಟೆಯ ಮೇಲೆ ಕಾಯುತ್ತಾಳೆ. ಎತ್ತು ಹೂಡುವವಳು, ಕೂಲಿಯಾಳು ನಡೆಸುವವಳು, ಬ್ಯಾಂಕಿಗೆ ಹೋಗಿ ಸಾಲ ಕಟ್ಟಿ ಬರುವವಳು ಹನ್ನೆರಡು ವರ್ಷದ ಹುಡುಗನ ನಿದ್ದೆ ಮುಗಿಯಲೆಂದು ಕೂರುವುದನ್ನು ಮೂರು ಅಮಾವಾಸ್ಯೆ ನೋಡಿದ್ದೇನೆ.

ನಾಲ್ಕನೆಯದಕ್ಕೆ ಅವಳು ಏಳುವ ಮೊದಲೇ ಎದ್ದು ನಾನೇ ಕೊಯ್ದೆ. ಸದ್ದಿಗೆ ಅವ್ವ ಒಳಗೆ ಬಂದಳು. ಹೋಳುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. ದೇವರ ಮುಂದೆ ಹೋಗಿ ದೀಪ ಹಚ್ಚಿ ಸ್ವಲ್ಪ ಹೊತ್ತು ನಿಂತಳು, ಬಂದು ಒಲೆ ಉರಿ ಮಾಡಿದಳು. ಹೊಲದಲ್ಲಿ ಪಲ್ಯ ಬಡಿಸುವಾಗ ಪಕ್ಕದ ಮನೆಯ ಕಾಕಿ, “ಈ ಸಲ ಹುಡುಗನ್ನ ಕರೀಲಿಲ್ಲಲ್ಲ?” ಎಂದು ಕೇಳಿದಳು. “ಮನ್ಯಾಗ ಕೊಯ್ಯೋರು ಇದ್ರು,” ಎಂದಳು ಅವ್ವ.

ಈ ಜೂನ್‌ನಲ್ಲಿ ಆ ಹುಡುಗ ಲಿಂಗಸುಗೂರಿನ ಹಾಸ್ಟೆಲಿಗೆ ಸೇರಿದ. ಮೊನ್ನೆ ಅವ್ವ ಫೋನ್ ಮಾಡಿ ಹೇಳಿದಳು: ಕಾಕಿ ಅವರ ಮನೆಯ ಕುಂಬಳಕಾಯಿ ಹೊತ್ತುಕೊಂಡು ನಮ್ಮ ಮನೆಗೆ ಬಂದಿದ್ದಳಂತೆ. ಅವ್ವನೇ ಕೊಯ್ದಳಂತೆ, ಕೂಲಿಗೆ ಕಾಲು ಹೋಳು ಇಟ್ಟುಕೊಂಡಳಂತೆ. ಮುಂದಿನ ಮಳೆಗೆ ಹಾಕಲು ಬೀಜ ಬೂದಿಯಲ್ಲಿ ಒಣಗಿಸುತ್ತಿದ್ದಾಳೆ. “ಹಂಗಾದ್ರ ಬೂದುಗುಂಬಳಾನೂ ನೀನೇ ಕೊಯ್ತೀಯೇನವ್ವ?” ಎಂದು ಕೇಳಿದೆ.

“ಅದನ್ನ ಮಾತ್ರ ಕೇಳಬ್ಯಾಡ,” ಎಂದು ಫೋನ್ ಇಟ್ಟಳು.