ಜೋಳಿಗೆಗೆ ಹಾಕಿದ ಮರುದಿನ

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಊರೂರು ತಿರುಗಿ ಜೋಳಿಗೆಯೊಡ್ಡಿ, ಹಣ ಧಾನ್ಯಗಳನ್ನಲ್ಲ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ನಾಡಿನಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಗೊಳ್ಳುತ್ತಿದೆ. ಜೋಳಿಗೆಯ ಮುಂದೆ ಕೈಮುಗಿದು ಕೈಗೊಂಡ ಸಂಕಲ್ಪ ಸುಳ್ಳಲ್ಲ. ಆದರೆ ಮರುದಿನ ಸಂಜೆ ಹಳೆಯ ಗೆಳೆಯ ದಾರಿಯಲ್ಲಿ ಎದುರಾದಾಗ ಆ ಸಂಕಲ್ಪಕ್ಕೆ ಆಸರೆ ಬೇಕಾಗುತ್ತದೆ. ಅಂಥ ಆಸರೆಗಳಲ್ಲಿ ಗುಂಪು ಚಿಕಿತ್ಸೆಯೂ ಒಂದು.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಅನೇಕ ವರ್ಷ ಪ್ರತಿದಿನ ಅತಿಯಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲಿ ನಡುಕ, ಫಿಟ್ಸ್, ಸನ್ನಿ ಕಾಣಿಸಿಕೊಳ್ಳಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಅಂಥವರು ವೈದ್ಯರ ಕಣ್ಗಾವಲಿನಲ್ಲಿಯೇ ಮದ್ಯ ಬಿಡಬೇಕು. ದೇಹ ಹದಕ್ಕೆ ಬಂದ ಬಳಿಕವೇ ಗುಂಪಿನ ಕೆಲಸ.

ಆಪ್ತಸಮಾಲೋಚಕರೊಬ್ಬರ ಜೊತೆಗೆ ಎಂಟು ಹತ್ತು ಜನ ವೃತ್ತಾಕಾರವಾಗಿ ಕುಳಿತುಕೊಳ್ಳುತ್ತಾರೆ. ಇಲ್ಲಿ ಆಡಿದ ಮಾತು ಹೊರಗೆ ಹೋಗಕೂಡದು ಎಂಬುದು ಮೊದಲ ಕಟ್ಟಳೆ. ಉಪದೇಶಕ್ಕೆ ಇಲ್ಲಿ ಹೆಚ್ಚಿನ ಬೆಲೆಯಿಲ್ಲ. ಮನೆಯಲ್ಲಿ ಅದನ್ನು ಸಾಕಷ್ಟು ಕೇಳಿಯೇ ಅವರು ಬಂದಿರುತ್ತಾರೆ. ಒಂದು ದಿನದ ಚಟುವಟಿಕೆ ಹೀಗಿರಬಹುದು: ಪ್ರತಿಯೊಬ್ಬರೂ ಕೆಲಸದ ಸ್ಥಳದಿಂದ ಮನೆಯವರೆಗಿನ ದಾರಿಯ ನಕ್ಷೆ ಬರೆಯುತ್ತಾರೆ. ಕಾಲು ಎಲ್ಲಿ ತಾನಾಗಿ ತಿರುಗುತ್ತದೆ, ಯಾರು ಕರೆಯುತ್ತಾರೆ, ಕಿಸೆಯಲ್ಲಿ ಸಂಬಳದ ಹಣ ಇರುವ ದಿನ ಯಾವುದು ಎಂದು ಗುರುತು ಹಾಕುತ್ತಾರೆ. ಬೇರೆ ದಾರಿ ಯಾವುದೆಂದು ಗುಂಪು ಕೂಡಿ ಹುಡುಕುತ್ತದೆ.

ಇನ್ನೊಂದು, ಪಾತ್ರಾಭಿನಯ. ಒಬ್ಬನು ಮದುವೆ ಮನೆಯ ಗೆಳೆಯನಾಗಿ, ‘ಇವತ್ತೊಂದು ದಿನ, ನನಗಾಗಿ’ ಎಂದು ಒತ್ತಾಯಿಸುತ್ತಾನೆ, ಮತ್ತೊಬ್ಬನು ಬೇಡವೆನ್ನಬೇಕು. ನೋಡುವವರಿಗೆ ನಗು ಬರುತ್ತದೆ. ಆದರೆ ‘ಬೇಡ’ ಎಂಬ ಎರಡಕ್ಷರ ಬಾಯಿಗೆ ರೂಢಿಯಾಗಲು ಈ ಅಭ್ಯಾಸ ಬೇಕೇ ಬೇಕು. ಕುಡಿಯುವ ತುಡಿತ ಅಲೆಯಂತೆ ಏರಿ ಇಳಿಯುತ್ತದೆ. ಬಹುಮಟ್ಟಿಗೆ ಅರ್ಧ ಗಂಟೆಯೊಳಗೆ ತಗ್ಗುತ್ತದೆ. ಆ ಅವಧಿಯನ್ನು ಉಸಿರಾಟವನ್ನು ಗಮನಿಸುತ್ತ ದಾಟುವುದನ್ನೂ ಗುಂಪಿನಲ್ಲಿ ಕಲಿಸುತ್ತಾರೆ. ಹಸಿವು, ಸಿಟ್ಟು, ಒಂಟಿತನ, ಆಯಾಸ ಈ ನಾಲ್ಕರಲ್ಲಿ ಯಾವುದಿದ್ದರೂ ತುಡಿತ ಬಲಿಯುತ್ತದೆ. ಹೊತ್ತಿಗೆ ಸರಿಯಾಗಿ ಊಟ ಬಡಿಸುವ ತಾಯಂದಿರು ತಮಗರಿಯದೆಯೇ ಚಿಕಿತ್ಸೆಯಲ್ಲಿ ಪಾಲುಗೊಂಡಿದ್ದಾರೆ.

ಇನ್ನು ಜಾರಿದವರ ಮಾತು. ಅಮೆರಿಕದ ಆಕ್ರನ್ ನಗರದಲ್ಲಿ 1935ರಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಭೇಟಿಯಾಗಿ, ತಮ್ಮ ಕಥೆಗಳನ್ನು ಪರಸ್ಪರ ಹೇಳಿಕೊಂಡರು. ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹೀಗೆ. ಆ ಭೇಟಿಯ ನಂತರವೂ ಸ್ಮಿತ್ ಒಮ್ಮೆ ಜಾರಿದರು. ಅವರು ಕಡೆಯ ಬಾರಿ ಕುಡಿದ ಜೂನ್ 10ನ್ನೇ ಸಂಘಟನೆ ತನ್ನ ಸ್ಥಾಪನಾ ದಿನವೆಂದು ಎಣಿಸುತ್ತದೆ. ವೈದ್ಯರಿಲ್ಲದೆ ನಡೆಯುವ ಅದರ ಸಭೆಗಳು ಇಂದು ನಮ್ಮ ನಗರಗಳಲ್ಲಿಯೂ ಇವೆ.

ನಾವಾದರೋ ಆಣೆ ಮುರಿದವನನ್ನು ಜನರೆದುರು ಹೀಯಾಳಿಸುತ್ತೇವೆ. ಅವನು ನಾಚಿ ಮಠದ ಕಡೆಗೂ ಬರುವುದಿಲ್ಲ, ಗುಂಪಿಗೂ ಹೋಗುವುದಿಲ್ಲ. ಗುಂಪಿನಲ್ಲಿ ಕೇಳುವ ಪ್ರಶ್ನೆ ಬೇರೆ: ಅದಕ್ಕೂ ಹಿಂದಿನ ದಿನ ಏನಾಯಿತು? ಉತ್ತರ ನಕ್ಷೆಯ ಮೇಲೆ ಹೊಸ ಗುರುತಾಗುತ್ತದೆ. ನಮ್ಮ ಮನೆಗಳಲ್ಲಿಯೂ ಹಾಗೆ ಕೇಳಲು ಸಾಧ್ಯವಿದೆ. ಕೇಳಿ ದಣಿದ ಹೆಂಡತಿ, ಮಕ್ಕಳಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಗುಂಪುಗಳಿವೆ; ಮನೆಯವನು ಬಿಡಲೊಪ್ಪದಿದ್ದರೂ ಅವರು ಸೇರಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ದೂರದ ಊರಿನ ಭಕ್ತರು ವ್ಯಸನಮುಕ್ತಿ ಸಹಾಯವಾಣಿ 14446 ಅಥವಾ ಟೆಲಿ-ಮಾನಸ್ 14416ಕ್ಕೆ ಉಚಿತವಾಗಿ ಕರೆಮಾಡಿ ವಿಚಾರಿಸಬಹುದು.