ಎರಿಭೂಮಿಯ ನರಿಗೆ ಉಕ್ಕಿನ ಬೆನ್ನೆಲುಬು

ನರಿಯ ಗೊಂಬೆ ಮಾಡುವವರಿಗೆ ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಬಾಲ. ನಮ್ಮ ಬಯಲುಸೀಮೆಯ ಸಣ್ಣ ನರಿಯನ್ನೇ ನೋಡಿ. ಕೆಲವು ಕಡೆ ಇದನ್ನು ಕಂಕನರಿ ಎನ್ನುತ್ತಾರೆ. ಸುಮ್ಮನೆ ಅಡ್ಡಾಡುವಾಗ ಬಾಲವನ್ನು ಹಿಂದಕ್ಕೆ ಇಳಿಬಿಟ್ಟಿರುತ್ತದೆ. ಓಟ ಕಿತ್ತರೆ ಅದೇ ಬಾಲ ನೆಲಕ್ಕೆ ಸಮನಾಗಿ ಚಾಚಿಕೊಳ್ಳುತ್ತದೆ. ಓಡುತ್ತಲೇ ಗಕ್ಕನೆ ಪಕ್ಕಕ್ಕೆ ಹೊರಳಿತೆಂದರೆ ಹೆಚ್ಚುಕಡಿಮೆ ನೆಟ್ಟಗೆ ಮೇಲೇಳುತ್ತದೆ. ದೇಹದ ಅರ್ಧದಷ್ಟು ಉದ್ದದ, ತುದಿ ಕಪ್ಪಗಿರುವ ಈ ಬಾಲ ಮೂರೂ ಭಂಗಿಗಳಲ್ಲಿ ಅಲುಗದೆ ನಿಲ್ಲಬೇಕು, ಆದರೆ ಬೆರಳಿನಿಂದ ತುಸು ಒತ್ತಿದರೆ ಬಾಗಬೇಕು. ಸ್ಟಾಪ್ ಮೋಷನ್ ಚಿತ್ರಗಳ ಗೊಂಬೆಗೆ ಇರುವ ಷರತ್ತು ಇಷ್ಟೇ. ಅದನ್ನು ಪೂರೈಸುವುದು ಮಾತ್ರ ಸುಲಭವಲ್ಲ.

ಮಕ್ಕಳ ಕಾದಂಬರಿಯೊಂದರ ನರಿಯನ್ನು ಹೀಗೆ ಗೊಂಬೆಯಾಗಿಸಿ ತೆರೆಗೆ ತಂದದ್ದು ಅಮೆರಿಕದ ನಿರ್ದೇಶಕ ವೆಸ್ ಆ್ಯಂಡರ್ಸನ್. ಮೂಲ ಕೃತಿ ರೋಆಲ್ಡ್ ಡಾಲ್ 1970ರಲ್ಲಿ ಬರೆದ 'ಫ್ಯಾಂಟಾಸ್ಟಿಕ್ ಮಿಸ್ಟರ್ ಫಾಕ್ಸ್'. ಅದೇ ಹೆಸರಿನ ಚಿತ್ರ ತೆರೆ ಕಂಡದ್ದು 2009ರಲ್ಲಿ. ಕೋಳಿ ಸಾಕುವ ಬಾಗಿಸ್, ಬಾತು ಸಾಕುವ ಬನ್ಸ್, ಟರ್ಕಿ ಕೋಳಿಯ ಜತೆಗೆ ಸೇಬಿನ ಮದ್ಯ ಮಾಡುವ ಬೀನ್ ಎಂಬ ಮೂವರು ರೈತರು. ಅವರ ಉಗ್ರಾಣಗಳಿಗೆ ನೆಲದೊಳಗಿಂದಲೇ ಸುರಂಗ ಕೊರೆಯುವ ಒಂದು ನರಿ ಸಂಸಾರ. ಕಥೆ ಚಿಕ್ಕದು. ಒಂದೂವರೆ ತಾಸಿನ ಚಿತ್ರಕ್ಕೆ ಸಾಲದೆಂದು ಆ್ಯಂಡರ್ಸನ್ ಅದಕ್ಕೆ ಮುಂದೊಂದು, ಹಿಂದೊಂದು ಭಾಗ ಕಟ್ಟಿದರು. ನರಿಯನ್ನು ಪತ್ರಿಕೆಯ ಅಂಕಣಕಾರನನ್ನಾಗಿ ಮಾಡಿದರು.

ಈ ಕಥೆಯನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಯಲಿಗೆ ತಂದರೆ? ಸಿಸು ಸಂಗಮೇಶ, ಶಂ. ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ ಅವರಂಥ ಮಕ್ಕಳ ಕವಿಗಳನ್ನು ಕೊಟ್ಟ ಜಿಲ್ಲೆ ವಿಜಯಪುರ. ಇಲ್ಲಿ ಕಥೆಗೇನೂ ಬರವಿಲ್ಲ. ಮೂವರು ರೈತರಲ್ಲಿ ಒಬ್ಬನನ್ನು ಇಂಡಿಯ ನಿಂಬೆ ತೋಟದವನನ್ನಾಗಿ ಮಾಡಿ ಸೇಬಿನ ಮದ್ಯದ ಜಾಗದಲ್ಲಿ ಶರಬತ್ತು ಇಟ್ಟರೂ ಕಥೆ ಕೆಡುವುದಿಲ್ಲ. ಬದಲಾಗಬೇಕಾದದ್ದು ನಾಯಕನ ದೇಹ.

ಮೊದಲು ಯಂತ್ರದ ಮಾತು. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಗೊಂಬೆಯನ್ನು ಒಂದು ಭಂಗಿಯಲ್ಲಿ ನಿಲ್ಲಿಸಿ ಫೋಟೊ ತೆಗೆಯುತ್ತಾರೆ, ಕೂದಲೆಳೆಯಷ್ಟು ಸರಿಸಿ ಮತ್ತೊಂದು ತೆಗೆಯುತ್ತಾರೆ. ಸ್ಥಿರಚಿತ್ರಗಳು ಚಲನೆಯಾಗಿ ಕಾಣುವುದು ಮಿದುಳಿನ ಕೆಲಸ. ಎರಡು ಕಡೆ ಸರದಿಯಂತೆ ಮಿನುಗುವ ಗೆರೆಗಳು ಒಂದೇ ಗೆರೆ ಚಲಿಸಿದಂತೆ ತೋರುತ್ತವೆ ಎಂಬುದನ್ನು ಮನೋವಿಜ್ಞಾನಿ ಮ್ಯಾಕ್ಸ್ ವರ್ಟ್‌ಹೈಮರ್ 1912ರಲ್ಲೇ ವಿವರಿಸಿದ್ದರು. ಆ್ಯಂಡರ್ಸನ್ ಒಂದೊಂದು ಭಂಗಿಯನ್ನು ಎರಡು ಫ್ರೇಮ್ ಕಾಲ ಹಿಡಿದರು, ಅಂದರೆ ಸೆಕೆಂಡಿಗೆ 12 ಭಂಗಿ. ಚಿತ್ರದ ಅವಧಿ ಸುಮಾರು 87 ನಿಮಿಷ. ಪೂರ್ತಿ ಈ ಲೆಕ್ಕದಲ್ಲೇ ಹೋದರೆ 62 ಸಾವಿರಕ್ಕೂ ಹೆಚ್ಚು ಸಲ ಗೊಂಬೆಗಳನ್ನು ಮುಟ್ಟಿ ಸರಿಸಬೇಕು.

ಅಷ್ಟು ಸಲ ಬಾಗಿಸಿದರೆ ಅಲ್ಯೂಮಿನಿಯಂ ತಂತಿ ದಣಿದು ಮುರಿಯುತ್ತದೆ. ಹಾಗಾಗಿ ಮುಖ್ಯ ಪಾತ್ರಗಳ ಒಳಗೆ ಉಕ್ಕಿನ ಅಸ್ಥಿಪಂಜರ ಇರುತ್ತದೆ. ನಮ್ಮ ಸೊಂಟದ ಕೀಲಿನ ಹಾಗೆ ಬಟ್ಟಲಿನಲ್ಲಿ ಕೂತ ಗುಂಡು, ಬಿಗಿಯಲು ಚಿಕ್ಕ ಸ್ಕ್ರೂ. ಸಡಿಲವಾದರೆ ಕೈ ತಾನಾಗಿ ಜೋತುಬೀಳುತ್ತದೆ, ಬಿಗಿಯಾದರೆ ಕೈ ಸರಿಸಲು ಹೋದಾಗ ಇಡೀ ಮೈ ಸರಿಯುತ್ತದೆ. ಒಂದೊಂದು ಕೀಲಿಗೂ ಬೇರೆ ಬಿಗಿ ಬೇಕು. ಮೇಜಿನ ಕೆಳಗಿಂದ ಬರುವ ತಿರುಪು ಪಾದವನ್ನು ಹಿಡಿದಿರುತ್ತದೆ. ನರಿ ಹಾರಬೇಕಿದ್ದರೆ ಸಲಾಕೆಯ ಮೇಲೆ ಎತ್ತಿ ನಿಲ್ಲಿಸಿ, ಆಮೇಲೆ ಚಿತ್ರದಿಂದ ಸಲಾಕೆಯನ್ನು ಅಳಿಸುತ್ತಾರೆ.

ಈ ಕಲೆಯ ಮೂಲದಲ್ಲೂ ಪ್ರಾಣಿಶಾಸ್ತ್ರವಿದೆ. ವ್ಲಾದಿಸ್ಲಾವ್ ಸ್ಟಾರೆವಿಚ್ ಎಂಬಾತ ಲಿಥುವೇನಿಯಾದ ಕೌನಸ್‌ನಲ್ಲಿ 1910ರ ಹೊತ್ತಿಗೆ ಕೊಂಬಿನ ಜೀರುಂಡೆಗಳ ಕಾಳಗವನ್ನು ಚಿತ್ರೀಕರಿಸಲು ಹೊರಟ. ಅವು ಕತ್ತಲಲ್ಲಿ ಚುರುಕಾಗುವ ಜೀವಿಗಳು. ದೀಪ ಹಚ್ಚಿದೊಡನೆ ಮಿಸುಕದೆ ಕೂತುಬಿಟ್ಟವು. ಆತ ಸತ್ತ ಜೀರುಂಡೆಗಳ ಕಾಲಿಗೆ ತಂತಿ ಕಟ್ಟಿ, ಫ್ರೇಮ್ ಫ್ರೇಮಿಗೂ ಸರಿಸಿ ಕಾಳಗ ಆಡಿಸಿದ. ಮುಂದೆ ಫ್ರಾನ್ಸಿಗೆ ಹೋಗಿ ಪೂರ್ಣಪ್ರಮಾಣದ ಗೊಂಬೆ ಚಿತ್ರವೊಂದನ್ನು ಮಾಡಿದ. 1937ರಲ್ಲಿ ಬರ್ಲಿನ್‌ನಲ್ಲಿ ತೆರೆ ಕಂಡ ಅದರ ನಾಯಕನೂ ನರಿಯೇ.

ತುಪ್ಪಳದ್ದು ಇನ್ನೊಂದು ಪೇಚಾಟ. ಗೊಂಬೆಯನ್ನು ಮುಟ್ಟಿದಾಗಲೆಲ್ಲ ಬೆರಳು ತಗುಲಿ ಕೂದಲು ಅತ್ತಿತ್ತ ಆಗುತ್ತದೆ, ತೆರೆಯ ಮೇಲೆ ಅದು ಸದಾ ಕುದಿಯುತ್ತಿರುವಂತೆ ಕಾಣುತ್ತದೆ. 1933ರ 'ಕಿಂಗ್ ಕಾಂಗ್' ಗೊರಿಲ್ಲದ ಮೈಯಲ್ಲೂ ಇದು ಕಾಣುತ್ತದೆ. ಬೇರೆಯವರು ದೋಷವೆಂದು ಮರೆಮಾಚಿದ್ದನ್ನು ಆ್ಯಂಡರ್ಸನ್ ಬೇಕೆಂದೇ ಉಳಿಸಿಕೊಂಡರು. ನನ್ನ ಮಟ್ಟಿಗೆ ಆ ಚಿತ್ರದ ಜೀವವೇ ಅಲ್ಲಿದೆ: ಗಾಳಿಯಿಲ್ಲದ ಸ್ಟುಡಿಯೋದಲ್ಲಿ ನರಿಯ ಮೈ ಜುಮ್ಮೆನ್ನುತ್ತಿರುತ್ತದೆ. ಹೊಗೆಗೆ ಹತ್ತಿ ಬಳಸಿದರು, ನೀರಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ನಿಜವಾದ ನೀರು ಈ ಅಳತೆಗೆ ಒಗ್ಗುವುದಿಲ್ಲ. ಗೊಂಬೆ ಎಷ್ಟೇ ಚಿಕ್ಕದಾದರೂ ಮೇಲ್ಮೈ ಸೆಳೆತದಿಂದಾಗುವ ಹನಿಯ ಗಾತ್ರ ಚಿಕ್ಕದಾಗುವುದಿಲ್ಲ. ಒಂದೇ ಹನಿ ಗೊಂಬೆಯ ಮುಖ ಮುಚ್ಚೀತು.

ಇನ್ನು ನಮ್ಮ ನರಿ. ಡಾಲ್‌ನ ನಾಯಕ ಇಂಗ್ಲೆಂಡಿನ ಕೆಂಪು ನರಿ: ಬಾಲದ ತುದಿ ಬಿಳಿ, ಕಿವಿಯ ಹಿಂಬದಿ ಕಪ್ಪು. ಪಂಚತಂತ್ರದ ಕರಟಕ ದಮನಕರೂ ಇಲ್ಲಿ ಕೆಲಸಕ್ಕೆ ಬಾರರು. ಚಾಲುಕ್ಯರ ಕಾಲದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಆ ಕುತಂತ್ರಿಗಳು ಗುಳ್ಳೆನರಿ ಜಾತಿಯವರು, ಮೈಕಟ್ಟಿನಲ್ಲಿ ಬಲು ದೊಡ್ಡವರು. ನಮ್ಮ ಸಣ್ಣ ನರಿ ತೂಗುವುದು ಹೆಚ್ಚೆಂದರೆ ನಾಲ್ಕು ಕಿಲೋ. ಬಣ್ಣ ಬೂದು, ಕಾಲು ಕಡ್ಡಿ, ಕಿವಿ ದೊಡ್ಡದು, ಕಿವಿಯ ಹಿಂಬದಿಗೆ ಕತ್ತಿನದೇ ಬಣ್ಣ. ಕಡ್ಡಿಕಾಲಿನೊಳಗೆ ಗುಂಡು ಕೀಲು ಕೂರಿಸುವುದು ಕಷ್ಟ, ಅಕ್ಕಸಾಲಿಗನ ಕೈ ಬೇಕು. ಓಟದಲ್ಲಿ ಕಾಲುಗಳ ಒಂದು ಸುತ್ತು ಸೆಕೆಂಡಿನ ಮೂರನೆಯ ಒಂದು ಪಾಲಿನಲ್ಲಿ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. 12 ಭಂಗಿಯ ಲೆಕ್ಕದಲ್ಲಿ ಇಡೀ ಸುತ್ತಿಗೆ ಸಿಗುವುದು ನಾಲ್ಕೇ ಚಿತ್ರ. ಕಾಲು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಓಟಕ್ಕಾದರೂ 24 ಬೇಕು. ಆಗಲೂ ಒಂದು ಕೊರತೆ ಉಳಿಯುತ್ತದೆ. ಓಡುವ ನಿಜ ಪ್ರಾಣಿಯ ಕಾಲು ಫ್ರೇಮಿನಲ್ಲಿ ತುಸು ಕಲಸಿದಂತೆ ಬೀಳುತ್ತದೆ, ನಿಂತ ಗೊಂಬೆಯದು ಚೂಪಾಗಿ ಬೀಳುತ್ತದೆ. ಗೊಂಬೆ ಚಿತ್ರಗಳ ಕುಕ್ಕುನಡಿಗೆಗೆ ಇದೇ ಕಾರಣ. 1981ರ 'ಡ್ರ್ಯಾಗನ್‌ಸ್ಲೇಯರ್'ನಲ್ಲಿ ಫಿಲ್ ಟಿಪ್ಪೆಟ್ ಮತ್ತು ಸಂಗಡಿಗರು ಫೋಟೊ ತೆಗೆಯುವ ಕ್ಷಣದಲ್ಲೇ ಮೋಟಾರಿನಿಂದ ಗೊಂಬೆಯನ್ನು ಅಲುಗಿಸಿ ಆ ಕಲಸುವಿಕೆಯನ್ನು ತಂದರು.

ಊಟದ ದೃಶ್ಯಗಳನ್ನೂ ಬದಲಿಸಬೇಕು. ಗೆದ್ದಲು, ಮಿಡತೆ, ಜೀರುಂಡೆ, ಇಲಿ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿ, ಬಾರಿಹಣ್ಣು ಇದರ ದಿನದ ಊಟ. ಹೊಲದ ಇಲಿ ತಿನ್ನುವ ಪ್ರಾಣಿಯನ್ನು ರೈತರು ಬಂದೂಕು ಹಿಡಿದು ಅಟ್ಟುವ ಕಥೆ ಇಲ್ಲಿ ನಿಲ್ಲುವುದಿಲ್ಲ. ಆ್ಯಂಡರ್ಸನ್ನರ ನರಿ ಸೂಟು ತೊಟ್ಟು ಮೇಜಿಗೆ ಕೂತು, ತಟ್ಟೆ ಬಂದೊಡನೆ ಮೃಗವಾಗಿ ಹರಿದು ಮುಕ್ಕುತ್ತದೆ. ಆ ನಗೆಯನ್ನು ಗೆದ್ದಲಿನ ತಟ್ಟೆಯಿಟ್ಟೂ ಉಕ್ಕಿಸಬಹುದು.

ಸುರಂಗದ ವಿಷಯದಲ್ಲಿ ಮಾತ್ರ ನಮ್ಮ ನರಿ ಡಾಲ್‌ನ ನರಿಗೆ ಸಡ್ಡು ಹೊಡೆಯುತ್ತದೆ. ಸ್ವಲ್ಪ ಹೊತ್ತು ಮಲಗುವುದಕ್ಕೆ ಎರಡು ಬಾಯಿಯ ಸಾದಾ ಬಿಲ ಸಾಕು. ಮರಿ ಮಾಡುವ ಬಿಲಕ್ಕೆ ಹಲವು ಬಾಯಿ. ಓರೆಯಾಗಿ ಇಳಿಯುವ ಸುರಂಗಗಳು ಎರಡು ಮೂರು ಅಡಿ ಆಳದ ಕೋಣೆಯೊಂದಕ್ಕೆ ಬಂದು ಕೂಡುತ್ತವೆ. ಅಪ್ಪ ಅಮ್ಮ ಇಬ್ಬರೂ ಮರಿಗಳನ್ನು ನೋಡಿಕೊಳ್ಳುತ್ತವೆ. ಕೂಡುವ ಕಾಲ ಡಿಸೆಂಬರ್–ಜನವರಿ, ಗರ್ಭ ಐವತ್ತು ದಿನಗಳ ಆಸುಪಾಸು. ಬಿಳಿಜೋಳದ ಸುಗ್ಗಿಯ ಹೊತ್ತಿಗೆ ಮರಿ ಹುಟ್ಟುತ್ತವೆ, ಮುಂಗಾರು ಬೀಳುವ ಹೊತ್ತಿಗೆ ಓಡಾಡುವಷ್ಟು ಬೆಳೆದಿರುತ್ತವೆ.

ಈ ಕಾಲಮಾನಕ್ಕೂ ಮಣ್ಣಿಗೂ ನಂಟು ಇರಲೇಬೇಕು ಎನ್ನಿಸುತ್ತದೆ. ಎರಿಮಣ್ಣಿನ ಜೇಡಿ ಕಣಗಳು ನೀರು ಹೀರಿ ಉಬ್ಬುತ್ತವೆ, ಬೇಸಿಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತವೆ. ವರ್ಷಕ್ಕೊಮ್ಮೆ ಹೀಗೆ ಮಗ್ಗುಲು ಬದಲಿಸುವ ನೆಲದಲ್ಲಿ ಸುರಂಗ ಬಾಳಿಕೆ ಬರುವುದಿಲ್ಲ. ಗರಸು ಕೂಡಿದ ಮಡ್ಡಿ, ಹುಲ್ಲುಗಾವಲು, ಹೊಲದ ಒಡ್ಡು ಇವೇ ನಂಬಿಗಸ್ತ ಜಾಗ. ಇಂಡಿಯಿಂದ ಉತ್ತರಕ್ಕೆ ಭೀಮಾ ದಾಟಿದರೆ ಸೊಲ್ಲಾಪುರ, ಅದರಾಚೆ ನಾನ್ನಜ್ ಅಭಯಾರಣ್ಯ. ಅಲ್ಲಿನ ಬಯಲಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೂ ನರಿಗಳು ಬಿಲಕ್ಕೆ ಸಹಜ ಹುಲ್ಲುಗಾವಲನ್ನೇ ಹುಡುಕುತ್ತವೆ ಎಂದಿತು. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಕಾಲುವೆ ಬಂದ ಮೇಲೆ ನಮ್ಮ ಕಡೆ ಮಡ್ಡಿಯೂ ಹೊಲವಾಗುತ್ತಿದೆ. ಡಾಲ್‌ನ ರೈತರು ಬಿಲ ಅಗೆಯಲು ತಂದದ್ದೂ ಮಣ್ಣು ಬಗೆಯುವ ಯಂತ್ರಗಳನ್ನೇ. ಇಲ್ಲಿ ಯಾರಿಗೂ ನರಿಯ ಮೇಲೆ ಹಗೆ ಇಲ್ಲದೆಯೇ ಜೆಸಿಬಿ ಅದೇ ಕೆಲಸ ಮಾಡುತ್ತದೆ.

ಚಿತ್ರದಲ್ಲಿ ನರಿಗೆ ತೋಳದ ಭಯ. ನಮ್ಮ ಕಥೆಯಲ್ಲಿ ಆ ಪಾತ್ರ ನಾಯಿಗೆ ಹೋಗಬೇಕು. ಸಂಶೋಧಕ ಅಬಿ ವನಕ್ ಮತ್ತು ಸಂಗಡಿಗರು ನಾನ್ನಜ್‌ನಲ್ಲಿ ನರಿಗಳಿಗೆ ಆಹಾರ ಇಟ್ಟು ಪರೀಕ್ಷಿಸಿದರು. ಹತ್ತಿರ ನಾಯಿಯಿದ್ದಾಗ ನರಿಗಳು ಕಡಿಮೆ ತಿಂದವು, ಹೆಚ್ಚು ಹೊತ್ತು ಕಾವಲು ಕಾದವು. ಊರನಾಯಿಗಳಲ್ಲಿ ಸುತ್ತುವ ಡಿಸ್ಟೆಂಪರ್, ಪಾರ್ವೊ ವೈರಸ್‌ಗಳೂ ನರಿಗಳಿಗೆ ಕಂಟಕ. ವೈರಸ್ಸಿಗೆ ಗೊಂಬೆ ಮಾಡಲಾಗದು, ಕಾವಲಿಗೆ ಮಾಡಬಹುದು. ಅದಕ್ಕೆ ಕತ್ತಿನಲ್ಲಿ ಎರಡು ಕೀಲು, ಕಿವಿಗಳಿಗೆ ಪ್ರತ್ಯೇಕ ತಂತಿ. ನರಿ ಗೆದ್ದಲಿಗೆ ಮುಖ ಇಳಿಸಿದ ನಾಲ್ಕನೆಯ ಭಂಗಿಗೇ ತಲೆ ಎತ್ತಬೇಕು, ಮೈ ಕದಲದೆ ಕಿವಿ ಮಾತ್ರ ತಿರುಗಬೇಕು, ಮತ್ತೆ ಮುಖ ಇಳಿಸಬೇಕು. ಒಂದು ತುತ್ತಿನ ಈ ದೃಶ್ಯಕ್ಕೆ ಗೊಂಬೆಯಾಡಿಸುವವರ ಒಂದು ಇಡೀ ದಿನ ಹೋದರೂ ಹೋದೀತು.